ಒಂದೇ ರಾತ್ರಿಯ ರೋಹಿತದಿಂದ ಸೂಪರ್ನೋವಾದ ಬಗೆ ಹೇಳಬಹುದೇ?

ಓದುಗರ ಪತ್ರದ ಸಾರ: “ಎಸ್‌ಎನ್ 2023ಐಎಕ್ಸ್‌ಎಫ್ ಎಂಬ ಸೂಪರ್ನೋವಾ (ಸಿಡಿದ ನಕ್ಷತ್ರ) ಕಣ್ಣಿಗೆ ಬಿದ್ದ ಮರುದಿನವೇ ಅದನ್ನು ಟೈಪ್ 2 ಎಂದು ಘೋಷಿಸಲಾಯಿತು ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸುಮಾರು ಎರಡು ಕೋಟಿ ಜ್ಯೋತಿರ್ವರ್ಷ ದೂರದ ಚುಕ್ಕೆಯೊಂದರ ಬಗೆಯನ್ನು ಒಂದೇ ರಾತ್ರಿಯಲ್ಲಿ ಹೇಳಿಬಿಡಬಹುದೇ? ಶ್ವೇತಕುಬ್ಜ (ಇಂಧನ ತೀರಿದ ನಕ್ಷತ್ರದ ದಟ್ಟ ಉಳಿಕೆ) ಸಿಡಿದರೂ ಟೈಪ್ 1, ಭಾರಿ ನಕ್ಷತ್ರದ ಒಡಲು ಕುಸಿದರೂ ಕೆಲವೊಮ್ಮೆ ಟೈಪ್ 1 ಎನ್ನುವುದು ಯಾವ ಸೀಮೆಯ ವರ್ಗೀಕರಣ? ಕೊನೆಗೆ ಇದನ್ನೆಲ್ಲ ಹೇಳುವುದು ಕಂಪ್ಯೂಟರ್ ಅಂತೆ. ಹಾಗಾದರೆ ಖಗೋಳಜ್ಞರು ಮಾಡುವುದೇನು?”

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಗೆಹರಿದರೆ ಉಳಿದವು ಅರ್ಧ ಬಗೆಹರಿದಂತೆ.

ಸೂಪರ್ನೋವಾದ ಟೈಪ್ ಎಂಬುದು ನಕ್ಷತ್ರ ಏಕೆ ಸತ್ತಿತು ಎಂಬುದರ ಹೆಸರಲ್ಲ, ಅದರ ಬೆಳಕಿನಲ್ಲಿ ಏನು ಕಂಡಿತು ಎಂಬುದರ ಹೆಸರು. 1941ರಲ್ಲಿ ಖಗೋಳಜ್ಞ ರುಡಾಲ್ಫ್ ಮಿಂಕೋವ್‌ಸ್ಕಿ ಹದಿನಾಲ್ಕು ಸೂಪರ್ನೋವಾಗಳ ರೋಹಿತಗಳನ್ನು (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಗಳನ್ನು) ಮುಂದಿಟ್ಟುಕೊಂಡು, ಜಲಜನಕದ ಗೆರೆ ಇಲ್ಲದ ಒಂಬತ್ತನ್ನು ಟೈಪ್ 1 ಎಂದರು, ಇದ್ದ ಐದನ್ನು ಟೈಪ್ 2 ಎಂದರು. ಶ್ವೇತಕುಬ್ಜ ಉಷ್ಣಬೈಜಿಕ ಕ್ರಿಯೆಯಿಂದ (ತೀವ್ರ ಬಿಸಿಯಲ್ಲಿ ಪರಮಾಣು ಬೀಜಗಳು ಬೆಸೆಯುವುದರಿಂದ) ಸಿಡಿಯಬಹುದು ಎಂದು ಫ್ರೆಡ್ ಹಾಯ್ಲ್ ಮತ್ತು ವಿಲಿಯಂ ಫೌಲರ್ ಹೇಳಿದ್ದು 1960ರಲ್ಲಿ. ಕಾರಣ ತಿಳಿಯುವ ಮೊದಲೇ ಹೆಸರು ನಿಂತಿತ್ತು. 1980ರ ದಶಕದಲ್ಲಿ ಟೈಪ್ 1 ಅನ್ನೇ ಒಡೆಯಬೇಕಾಯಿತು: ಸಿಲಿಕಾನ್ ಎದ್ದು ಕಂಡರೆ 1ಎ, ಅದಿಲ್ಲದೆ ಹೀಲಿಯಂ ಕಂಡರೆ 1ಬಿ, ಎರಡೂ ಇಲ್ಲದಿದ್ದರೆ 1ಸಿ. ಕೊನೆಯ ಎರಡು ಭಾರಿ ನಕ್ಷತ್ರಗಳೇ. ಆದರೆ ಸಾಯುವ ಮುನ್ನ ತಮ್ಮ ಜಲಜನಕದ ಹೊದಿಕೆಯನ್ನು ತಮ್ಮ ಮೈಯಿಂದಲೇ ಬೀಸುವ ಗಾಳಿಗೋ ಜೊತೆಗಾರ ನಕ್ಷತ್ರಕ್ಕೋ ಕಳೆದುಕೊಂಡವು.

ಹೌದು, ವ್ಯವಸ್ಥೆ ಸೊಟ್ಟಗಿದೆ. ಆದರೂ ಅದನ್ನು ಕಿತ್ತುಹಾಕಿ ಕಾರಣದ ಪ್ರಕಾರ ಹೆಸರಿಡಬೇಕೆಂಬ ವಾದಕ್ಕೆ ನನ್ನ ಒಪ್ಪಿಗೆಯಿಲ್ಲ. 1ಎ ಆಗುವುದು ಜೊತೆಗಾರ ನಕ್ಷತ್ರದಿಂದ ದ್ರವ್ಯ ಸೆಳೆದ ಶ್ವೇತಕುಬ್ಜದಿಂದಲೋ, ಎರಡು ಶ್ವೇತಕುಬ್ಜಗಳು ಕೂಡಿಕೊಳ್ಳುವುದರಿಂದಲೋ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಕಾರಣದಿಂದ ಹೆಸರಿಟ್ಟಿದ್ದರೆ ಚರ್ಚೆಯ ಗಾಳಿ ತಿರುಗಿದಾಗಲೆಲ್ಲ ಪಟ್ಟಿಯನ್ನು ತಿದ್ದುತ್ತ ಕೂರಬೇಕಿತ್ತು. 1ಎಯ ರೋಹಿತದಲ್ಲಿ ಸಿಲಿಕಾನ್ 6150 ಆಂಗ್‌ಸ್ಟ್ರಾಂ (ಬೆಳಕಿನ ತರಂಗದೂರದ ಅಳತೆ) ಬಳಿ ತೋಡುವ ಹಳ್ಳಕ್ಕೆ ಯಾವ ಸಿದ್ಧಾಂತದ ಹಂಗೂ ಇಲ್ಲ.

ಆ ಹಳ್ಳದಲ್ಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇದೆ. ಅಯಾನೀಕೃತ ಸಿಲಿಕಾನ್ ಬೆಳಕನ್ನು ಹೀರುವುದು 6355 ಆಂಗ್‌ಸ್ಟ್ರಾಂನಲ್ಲಿ. ಆದರೆ ಹೀರುವ ಅನಿಲ ನಮ್ಮ ಕಡೆಗೇ ನುಗ್ಗಿ ಬರುತ್ತಿರುವುದರಿಂದ ಗೆರೆ ನೀಲಿಯ ದಿಕ್ಕಿಗೆ ಸರಿದು 6150ರ ಸುತ್ತ ಬೀಳುತ್ತದೆ. ಸರಿದ 205ನ್ನು 6355ರಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 9,700 ಕಿಲೋಮೀಟರ್ ಬರುತ್ತದೆ. ಈ ವೇಗದಲ್ಲಿ ಎಲ್ಲ ದಿಕ್ಕಿಗೂ ಚದುರುವ ಅನಿಲದ ಗೆರೆಗಳು ತೆಳುವಾಗಿ ಉಳಿಯಲಾರವು, ನೂರಾರು ಆಂಗ್‌ಸ್ಟ್ರಾಂ ಅಗಲದ ಉಬ್ಬುತಗ್ಗುಗಳಾಗುತ್ತವೆ. ಹೀಗಾಗಿ ಬಗೆ ಗುರುತಿಸಲು ಬೆಳಕನ್ನು ಅತಿ ನುಣ್ಣಗೆ ಬಿಡಿಸಬೇಕಾಗಿಲ್ಲ. ಪಾಲೊಮಾರ್‌ನ ಒಂದೂವರೆ ಮೀಟರ್ ದೂರದರ್ಶಕದಲ್ಲಿ ಈ ಕೆಲಸಕ್ಕೆಂದೇ ಕೂರಿಸಿದ ರೋಹಿತದರ್ಶಕದ ವಿಭೇದನ ಶಕ್ತಿ (ಬೆಳಕನ್ನು ಎಷ್ಟು ನುಣ್ಣಗೆ ಬಿಡಿಸುತ್ತದೆ ಎಂಬುದರ ಅಳತೆ) ಸುಮಾರು ನೂರು ಮಾತ್ರ. ಸೂರ್ಯನ ರೋಹಿತವನ್ನು ಅಧ್ಯಯನ ಮಾಡುವವರು ಅದನ್ನು ಕಂಡರೆ ನಕ್ಕಾರು. ಇಲ್ಲಿ ಅಷ್ಟು ಸಾಕು.

ಇನ್ನು 2023ಐಎಕ್ಸ್‌ಎಫ್. ಜಪಾನಿನ ಹವ್ಯಾಸಿ ಖಗೋಳವೀಕ್ಷಕ ಕೊಯಿಚಿ ಇಟಗಾಕಿ ಅದನ್ನು ಎಂ101 ಗೆಲಾಕ್ಸಿಯಲ್ಲಿ ಕಂಡದ್ದು 2023ರ ಮೇ 19ರಂದು. ಒಂದು ದಿನ ಕಳೆಯುವುದರೊಳಗೆ ಲಾ ಪಾಲ್ಮಾ ದ್ವೀಪದ ಲಿವರ್‌ಪೂಲ್ ದೂರದರ್ಶಕ ರೋಹಿತ ತೆಗೆದಿತ್ತು. ಅದರಲ್ಲಿ ನಾನು ಮೇಲೆ ಹೇಳಿದ ಅಗಲ ಗೆರೆಗಳು ಇರಲಿಲ್ಲ! ಬಿಸಿಯಾದ ನೀಲಿ ಬೆಳಕಿನ ಮೇಲೆ ಜಲಜನಕ, ಹೀಲಿಯಂ, ಇಂಗಾಲ, ಸಾರಜನಕಗಳ ಕಿರಿದಾದ ಗೆರೆಗಳು ನಿಂತಿದ್ದವು. ಅವು ಸಿಡಿದ ದ್ರವ್ಯದವಲ್ಲ. ನಕ್ಷತ್ರ ಸಾಯುವ ಮೊದಲು ತನ್ನ ಸುತ್ತ ಚೆಲ್ಲಿಕೊಂಡಿದ್ದ ಅನಿಲ ಸ್ಫೋಟದ ಬೆಳಕಿಗೆ ಹೊತ್ತಿಕೊಂಡದ್ದರ ಗುರುತು. ಕೆಲವೇ ದಿನಗಳಲ್ಲಿ ಅವು ಮಾಸಿದವು. ಎರಡು ವಾರ ತಡವಾಗಿ ನೋಡಿದವರಿಗೆ ಆ ಅನಿಲ ಇತ್ತೆಂಬ ಸುಳಿವು ರೋಹಿತದಲ್ಲಿ ಇಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ.

ಆದ್ದರಿಂದ ಅವಸರ ಎಂಬ ನಿಮ್ಮ ಆಕ್ಷೇಪವನ್ನು ನಾನು ತಿರುಗಿಸಿ ಓದುತ್ತೇನೆ. ಪ್ರತಿಯೊಂದು ವರ್ಗೀಕರಣವೂ ಒಂದು ದಿನಾಂಕಕ್ಕೆ ಕಟ್ಟುಬಿದ್ದದ್ದು. ಅನಿಲ ಹಿಗ್ಗಿ ತೆಳುವಾದಂತೆ ನಮ್ಮ ನೋಟ ಒಳಪದರಗಳಿಗೆ ಇಳಿಯುತ್ತದೆ, ಬಗೆಯೂ ಬದಲಾಗಬಹುದು. ಎಂ81 ಗೆಲಾಕ್ಸಿಯ ಸೂಪರ್ನೋವಾ 1993ಜೆ ಜಲಜನಕದೊಂದಿಗೆ ಶುರುವಾಗಿ, ಕೆಲವು ವಾರಗಳಲ್ಲಿ ಹೀಲಿಯಂ ತೋರಿಸಿ, 2ಬಿ ಎಂಬ ನಡುಮನೆಗೆ ಸೇರಿತು. 2014ಸಿ ಇದಕ್ಕೆ ವಿರುದ್ಧ ದಿಕ್ಕಿಗೆ ನಡೆಯಿತು: ಮೊದಲು ಜಲಜನಕವಿಲ್ಲದ 1ಬಿ, ಮುಂದೆ ಹಿಂದೆಂದೋ ಉದುರಿಸಿದ್ದ ತನ್ನ ಜಲಜನಕಕ್ಕೇ ಹೋಗಿ ಬಡಿದು 2ಎನ್ (ಕಿರಿದಾದ ಜಲಜನಕ ಗೆರೆಗಳ ಟೈಪ್ 2). ಇನ್ನು 2009ಐಪಿ ಸೂಪರ್ನೋವಾ ಹೆಸರು ಪಡೆದ ಮೇಲೆ, ಅದು ಸಾಯದೆ ಬರೀ ಕೆರಳಿದ ದೈತ್ಯ ನಕ್ಷತ್ರ ಎಂದು ತಿಳಿಯಿತು. 2012ರಲ್ಲಿ ಅದರಲ್ಲೂ ಅಗಲ ಗೆರೆಗಳು ಕಂಡವು. ಆಗಲಾದರೂ ಸತ್ತಿತೇ ಎಂಬ ಜಗಳ ವರ್ಷಗಟ್ಟಲೆ ನಡೆಯಿತು.

ಕಂಪ್ಯೂಟರಿನ ವಿಚಾರ. ಸ್ಟೆಫಾನ್ ಬ್ಲಾಂಡಿನ್ ಮತ್ತು ಜಾನ್ ಟೋನ್ರಿ 2007ರಲ್ಲಿ ವಿವರಿಸಿದ ‘ಸ್ನಿಡ್’ ಎಂಬ ತಂತ್ರಾಂಶ ಈಗಲೂ ಚಾಲ್ತಿಯಲ್ಲಿದೆ. ಅದು ರೋಹಿತದ ಒಟ್ಟಾರೆ ಬಣ್ಣವನ್ನು ತೆಗೆದುಹಾಕುತ್ತದೆ, ಏಕೆಂದರೆ ನಡುವಿನ ಧೂಳು ಬಣ್ಣವನ್ನು ಕೆಡಿಸಿರಬಹುದು. ಉಳಿದ ಉಬ್ಬುತಗ್ಗುಗಳನ್ನು ಹಳೆಯ ಸೂಪರ್ನೋವಾಗಳ ರೋಹಿತ ಭಂಡಾರದೊಂದಿಗೆ ಸರಿಸಿ ಸರಿಸಿ ಹೋಲಿಸಿ ಬಗೆ, ವಯಸ್ಸು, ಕೆಂಪುಪಲ್ಲಟ (ದೂರ ಹೆಚ್ಚಿದಷ್ಟೂ ಗೆರೆಗಳು ಕೆಂಪಿನ ಕಡೆಗೆ ಸರಿಯುವ ಪ್ರಮಾಣ) ಮೂರನ್ನೂ ಸೂಚಿಸುತ್ತದೆ. ಭಂಡಾರದಲ್ಲಿ 1ಎ ಹೆಚ್ಚಿದ್ದರೆ ಗೊಂದಲದ ರೋಹಿತ ಅತ್ತಲೇ ವಾಲುವ ಅಪಾಯವಿದೆ. ಗೆಲಾಕ್ಸಿಯ ಸ್ವಂತ ಬೆಳಕು ಬೆರೆತಿದ್ದರೆ ಮತ್ತಷ್ಟು ಕಷ್ಟ. ಇಲ್ಲಿ ಮನುಷ್ಯರ ಕಣ್ಣು ಬೇಕು. ದೂರದ 1ಎ ಮತ್ತು 1ಸಿಗಳನ್ನು ಬೇರ್ಪಡಿಸುವುದು ಅದಕ್ಕೆ ಒಳ್ಳೆಯ ಪರೀಕ್ಷೆ. ಕೆಂಪುಪಲ್ಲಟ 0.5 ಆದರೆ ಸಿಲಿಕಾನ್ ಹಳ್ಳ 9200 ಆಂಗ್‌ಸ್ಟ್ರಾಂ ಆಚೆಗೆ ಜಾರಿ ನಮ್ಮದೇ ಆಕಾಶದ ಮಿನುಗಿನಲ್ಲಿ ಮುಳುಗುತ್ತದೆ. ಆಗ ಅನುಭವಿಗಳು ಹುಡುಕುವುದು ಗಂಧಕವು ಮೂಲದಲ್ಲಿ 5400ರ ಆಸುಪಾಸು ಮೂಡಿಸುವ ಜೋಡಿ ಹಳ್ಳವನ್ನು. ಅದು ಸ್ಪಷ್ಟವಾಗಿ ಕಂಡರೆ 1ಎ ಎನ್ನಲು ಧೈರ್ಯ ಬರುತ್ತದೆ.

ನಿಮ್ಮ ಸಂಶಯವನ್ನು ರೋಹಿತವೇ ಇಲ್ಲದವುಗಳ ಮೇಲೆ ಖರ್ಚು ಮಾಡಿ ಎಂದು ನನ್ನ ಸಲಹೆ. ಹೊಸದಾಗಿ ವರದಿಯಾಗುವ ಚುಕ್ಕೆಗೆ ಮೊದಲು ಸಿಗುವುದು ‘ಎಟಿ’ ಎಂಬ ತಾತ್ಕಾಲಿಕ ಹೆಸರು. ರೋಹಿತದಿಂದ ಖಚಿತವಾದ ಮೇಲೆ ‘ಎಸ್‌ಎನ್’. ಬಹುಪಾಲು ಚುಕ್ಕೆಗಳು ಎಟಿಯಾಗಿಯೇ ಉಳಿಯುತ್ತವೆ, ರೋಹಿತ ತೆಗೆಯಲು ಅಷ್ಟು ದೂರದರ್ಶಕ ಸಮಯವಿಲ್ಲ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ಪೂರ್ಣ ವೇಗಕ್ಕೆ ಬಂದಾಗ ಈ ಕೊರತೆ ಇನ್ನೂ ಹಿಗ್ಗುತ್ತದೆ, ಬೆಳಕಿನ ಏರಿಳಿತ ಒಂದನ್ನೇ ನೋಡಿ ಬಗೆಯನ್ನು ಅಂದಾಜಿಸುವುದು ವಾಡಿಕೆಯಾಗುತ್ತದೆ. ಈ ಪತ್ರಿಕೆಯಲ್ಲಿ ಎಟಿ ಎಂದಿರುವ ಯಾವುದನ್ನೂ ನಾವು ಸೂಪರ್ನೋವಾ ಎಂದು ಅಚ್ಚು ಮಾಡುವುದಿಲ್ಲ. ಟೈಪ್ ಹೇಳಿದಲ್ಲೆಲ್ಲ ರೋಹಿತ ತೆಗೆದ ದಿನಾಂಕವನ್ನೂ ಮುಂದಿನ ಸಂಚಿಕೆಯಿಂದ ಕೊಡುತ್ತೇವೆ.

— ಸಂಪಾದಕ