ಟ್ರಿಗರ್ ಬದಲಾದರೆ ಎಂಬ್ರಿಯೋ ಕೆಡುತ್ತಾ?

ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಐವಿಎಫ್‌ಗೆ ಓಡಾಡುತ್ತಿದ್ದೀರಿ. ಅಮ್ಮ, ಅಕ್ಕ ಯಾರೂ ಹತ್ತಿರ ಇಲ್ಲದೆ ಇದನ್ನೆಲ್ಲ ನಿಭಾಯಿಸುವುದು ಸುಲಭ ಅಲ್ಲ.

ನೀವು ಕೇಳಿದ್ದು ಇದು. ಬೆಂಗಳೂರಿನಲ್ಲಿ ಹೋದ ಸಲ ಎಚ್‌ಸಿಜಿ ಟ್ರಿಗರ್ (ತೆಗೆಯುವ ಮುಂಚೆ ಮೊಟ್ಟೆ ಬಲಿಯಲಿ ಅಂತ ಕೊಡುವ ಹಾರ್ಮೋನ್ ಇಂಜೆಕ್ಷನ್) ಕೊಟ್ಟಿದ್ದರು, ಆಮೇಲೆ ಹೊಟ್ಟೆ ಊದಿಕೊಂಡು ಒಂದು ವಾರ ಒದ್ದಾಡಿದಿರಿ. ಇಲ್ಲಿನ ಡಾಕ್ಟರು ಈ ಸಲ ಅದರ ಬದಲು ಬುಸೆರೆಲಿನ್ ಅನ್ನುವ ಟ್ರಿಗರ್ ಕೊಟ್ಟು, ಎಂಬ್ರಿಯೋಗಳನ್ನೆಲ್ಲ (ಭ್ರೂಣಗಳನ್ನು) ಫ್ರೀಜ್ ಮಾಡೋಣ ಅಂದಿದ್ದಾರೆ. ನಿಮ್ಮ ನಾದಿನಿ ಮಾತ್ರ, ಆ ಇಂಜೆಕ್ಷನ್ ತಗೊಂಡರೆ ಎಂಬ್ರಿಯೋ ಕ್ವಾಲಿಟಿ ಹಾಳಾಗುತ್ತೆ ಅಂದರಂತೆ. ನಿಜವಾ?

ಇಲ್ಲ. ನಾನು ಇಲ್ಲಿ ಬಹಳ ವರ್ಷದಿಂದ ಐವಿಎಫ್ ಲ್ಯಾಬಿನಲ್ಲಿ ಎಂಬ್ರಿಯಾಲಜಿಸ್ಟ್. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಕಾರಣ ಹೇಳುತ್ತೇನೆ.

ದಿನಾ ಇಂಜೆಕ್ಷನ್ ತಗೊಂಡು ಫಾಲಿಕಲ್ (ಓವರಿಯಲ್ಲಿ ಮೊಟ್ಟೆ ಇರುವ ಪುಟ್ಟ ಚೀಲ) ಬೆಳೆದಿದ್ದರೂ ಒಳಗಿನ ಮೊಟ್ಟೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಟ್ರಿಗರ್ ಆದಮೇಲೆ ಅದು ತನ್ನ ಅರ್ಧ ಕ್ರೋಮೋಸೋಮುಗಳನ್ನು ಹೊರಗೆ ಹಾಕುತ್ತದೆ. ಲ್ಯಾಬಿನಲ್ಲಿ ಮೊಟ್ಟೆಯ ಸುತ್ತ ಅಂಟಿರುವ ಕೋಶಗಳನ್ನು ಬಿಡಿಸಿ ನೋಡಿದಾಗ, ಅಂಚಿನಲ್ಲಿ ಒಂದು ಪುಟ್ಟ ಗುಂಡು ಕಾಣುತ್ತದೆ. ಅದೇ ಪೋಲಾರ್ ಬಾಡಿ. ಅದು ಕಂಡರೆ ಮೊಟ್ಟೆ ಬಲಿತಿದೆ ಅಂತ ಲೆಕ್ಕ. ಎಚ್‌ಸಿಜಿ ಆಗಲಿ, ಬುಸೆರೆಲಿನ್ ಆಗಲಿ, ಬಲಿತ ಮೊಟ್ಟೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಎಂಬ್ರಿಯೋ ಹೇಗಿರುತ್ತದೆ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ನಿಮ್ಮ ವಯಸ್ಸು, ಆಮೇಲೆ ವೀರ್ಯ ಮತ್ತು ಲ್ಯಾಬ್.

ಹಾಗಾದರೆ ನಾದಿನಿಯ ಮಾತು ಎಲ್ಲಿಂದ ಬಂತು? ಅದಕ್ಕೂ ಒಂದು ಮೂಲ ಇದೆ. ಬುಸೆರೆಲಿನ್ ಥರದ ಔಷಧಿ ಕೊಟ್ಟು ಅದೇ ತಿಂಗಳು ಎಂಬ್ರಿಯೋ ಹಾಕಿದಾಗ ಮಗು ಹುಟ್ಟುವುದು ಕಮ್ಮಿ, ಗರ್ಭಪಾತ ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡುಬಂತು. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆ ಅವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಆದರೆ ಅದರಲ್ಲೇ ಇನ್ನೊಂದು ವಿಷಯ ಇತ್ತು. ದಾನಿಗೆ ಈ ಟ್ರಿಗರ್ ಕೊಟ್ಟು, ಅವಳ ಮೊಟ್ಟೆಯಿಂದ ಆದ ಎಂಬ್ರಿಯೋವನ್ನು ಬೇರೆ ಹೆಂಗಸಿಗೆ ಹಾಕಿದಾಗ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಟ್ರಿಗರ್‌ನಿಂದ ಎಂಬ್ರಿಯೋನೇ ಕೆಟ್ಟಿದ್ದರೆ ಅಲ್ಲೂ ಕೆಡಬೇಕಿತ್ತು ಅಲ್ವಾ? ತೊಂದರೆ ಇದ್ದದ್ದು ಟ್ರಿಗರ್ ತಗೊಂಡವಳ ಗರ್ಭಕೋಶದ ಒಳಪದರದಲ್ಲಿ.

ಎಚ್‌ಸಿಜಿ ಮೈಯಲ್ಲಿ ದಿನಗಟ್ಟಲೆ ಉಳಿದು, ಒಳಪದರಕ್ಕೆ ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನ್ ಬರುವ ಹಾಗೆ ಓವರಿಯನ್ನು ಎಬ್ಬಿಸಿಯೇ ಇಡುತ್ತದೆ. ಬುಸೆರೆಲಿನ್ ಹಾಗಲ್ಲ. ಅದು ನಿಮ್ಮದೇ ಪಿಟ್ಯುಟರಿಯಿಂದ (ಮೆದುಳಿನ ಬುಡದಲ್ಲಿರುವ ಗ್ರಂಥಿ) ಮೊಟ್ಟೆ ಬಲಿಸುವ ಎಲ್‌ಎಚ್ ಹಾರ್ಮೋನ್ ಹೊರಡಿಸುತ್ತದೆ, ಆ ಅಲೆ ಒಂದು ಒಂದೂವರೆ ದಿನದಲ್ಲಿ ಇಳಿದುಹೋಗುತ್ತದೆ. ಒಳಪದರಕ್ಕೆ ಆಸರೆ ಸಾಲುವುದಿಲ್ಲ. ಅದಕ್ಕೇ ಫ್ರೀಜ್ ಮಾಡಿ, ಮುಂದೆ ಒಳಪದರ ಸಿದ್ಧವಾದಾಗ ಹಾಕುತ್ತಾರೆ.

ಬೇಗ ಇಳಿಯುವ ಆ ಗುಣವೇ ನಿಮ್ಮನ್ನು ಕಾಪಾಡುವುದು. ಪಿಸಿಓಡಿ ಇದೆ, ಫಾಲಿಕಲ್ ಜಾಸ್ತಿ ಅಂದಿರಿ. ಎಚ್‌ಸಿಜಿ ಉಳಿದಷ್ಟೂ ಓವರಿ ಊದಿ, ಹೊಟ್ಟೆಯಲ್ಲಿ ನೀರು ತುಂಬುವ ಓಎಚ್‌ಎಸ್‌ಎಸ್ ಬರಬಹುದು. ಜೋರಾದರೆ ಉಸಿರಾಟದ ತೊಂದರೆ, ರಕ್ತ ಹೆಪ್ಪುಗಟ್ಟುವುದು, ಆಸ್ಪತ್ರೆ ವಾಸ. ನಿಮ್ಮ ಡಾಕ್ಟರು ಸರಿಯಾಗಿಯೇ ಯೋಚಿಸಿದ್ದಾರೆ ಅಂತ ನನ್ನ ಅಭಿಪ್ರಾಯ.

ಒಂದು ಮಾತ್ರ ಕೇಳಿಕೊಳ್ಳಿ: ನಿಮ್ಮದು ಆಂಟಗೊನಿಸ್ಟ್ ಪ್ರೋಟೊಕಾಲ್ (ಪಿಟ್ಯುಟರಿಯನ್ನು ಕೊನೆಯ ಕೆಲವು ದಿನ ಮಾತ್ರ ತಡೆದಿಡುವ ಇಂಜೆಕ್ಷನ್ ಕ್ರಮ) ತಾನೆ? ಲಾಂಗ್ ಪ್ರೋಟೊಕಾಲಿನಲ್ಲಿ ಪಿಟ್ಯುಟರಿಯನ್ನು ಮೊದಲೇ ಮಲಗಿಸಿರುತ್ತಾರೆ, ಅಲ್ಲಿ ಈ ಟ್ರಿಗರ್ ನಡೆಯುವುದಿಲ್ಲ. ಹೋದ ಸಲ ಬಲಿಯದ ಮೊಟ್ಟೆ ಜಾಸ್ತಿ ಸಿಕ್ಕಿದ್ದರೆ ಅದನ್ನೂ ಹೇಳಿ, ಬೆಂಗಳೂರಿನ ರಿಪೋರ್ಟ್ ತೋರಿಸಿ.

ಔಷಧಿ ಯಾವುದು ಅನ್ನುವುದಕ್ಕಿಂತ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಟೈಮಿನ ಬಗ್ಗೆ. ಟ್ರಿಗರ್ ಆಗಿ ಸುಮಾರು 36 ಗಂಟೆಗೆ ಮೊಟ್ಟೆ ತೆಗೆಯುತ್ತಾರೆ. ನರ್ಸ್ ರಾತ್ರಿ 9:30 ಅಂದರೆ 9:30ಕ್ಕೇ ಚುಚ್ಚಿಕೊಳ್ಳಿ. ತಡವಾದರೆ ಮುಚ್ಚಿಡಬೇಡಿ, ಆಗಲೇ ಫೋನ್ ಮಾಡಿ. ಊರಿಂದ ಹೊಸದಾಗಿ ಬಂದವರಿಗೆ ಗೊತ್ತಿರದ ಇನ್ನೊಂದು ವಿಷಯ: ಇಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಬದಲಾಗುತ್ತದೆ. ನಿಮ್ಮ ಟ್ರಿಗರ್ ಆ ಶನಿವಾರ ರಾತ್ರಿಗೆ ಬಂದರೆ ಚುಚ್ಚಿಕೊಳ್ಳುವ, ಮೊಟ್ಟೆ ತೆಗೆಯುವ ಎರಡೂ ಟೈಮನ್ನು ನರ್ಸ್ ಹತ್ತಿರ ಇನ್ನೊಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.

ದುಡ್ಡಿನ ವಿಷಯವನ್ನೂ ಕೇಳಿದ್ದಿರಿ. ವೀಸಾಗೆ ಹೆಲ್ತ್ ಸರ್ಚಾರ್ಜ್ (ಇಲ್ಲಿನ ಸರ್ಕಾರಿ ಚಿಕಿತ್ಸೆಗಾಗಿ ಕಟ್ಟುವ ಶುಲ್ಕ) ಕಟ್ಟಿದ್ದರೂ, 2017ರ ಆಗಸ್ಟ್‌ನಿಂದ ಇಂಗ್ಲೆಂಡಿನಲ್ಲಿ ಐವಿಎಫ್ ಅದರೊಳಗೆ ಬರುವುದಿಲ್ಲ. ನೀವೇ ಕಟ್ಟಬೇಕು. ಔಷಧಿ, ಫ್ರೀಜಿಂಗ್, ಆಮೇಲಿನ ಟ್ರಾನ್ಸ್‌ಫರ್ ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಬರಹದಲ್ಲಿ ತಗೊಳ್ಳಿ. ಕ್ವಾಲಿಟಿ ಹೆಚ್ಚಿಸುತ್ತೇವೆ ಅಂತ ಎಕ್ಸ್‌ಟ್ರಾ ಏನಾದರೂ ಹೇಳಿದರೆ, ಇಲ್ಲಿನ ಐವಿಎಫ್ ಕ್ಲಿನಿಕ್ಕುಗಳನ್ನು ನಿಯಂತ್ರಿಸುವ ಎಚ್‌ಎಫ್‌ಇಎ ಸಂಸ್ಥೆಯ ವೆಬ್‌ಸೈಟಿನಲ್ಲಿ ಅಂಥವಕ್ಕೆ ಕೊಟ್ಟಿರುವ ರೇಟಿಂಗ್ ನೋಡಿ, ಆಮೇಲೆ ಒಪ್ಪಿ.

ಮೊಟ್ಟೆ ತೆಗೆಯುವ ದಿನ ಅರಿವಳಿಕೆ ಕೊಟ್ಟಿರುತ್ತಾರೆ, ಒಬ್ಬರೇ ಮನೆಗೆ ಬಿಡುವುದಿಲ್ಲ. ಯಜಮಾನರಿಗೆ ರಜೆ ಈಗಲೇ ಕೇಳಿಡಲು ಹೇಳಿ.