ಗೈಡ್ ಮೇಲೆ ಕಂಪ್ಲೇಂಟ್ ಕೊಟ್ಟಿದೀನಿ, ಈಗ ಅಟೆಂಡೆನ್ಸ್ ಗತಿ ಏನು?

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ಕೊನೇ ವರ್ಷ. ನಮ್ ಪ್ರಾಜೆಕ್ಟ್ ಗೈಡ್ ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪಲ್ಲಿ ಅಸಹ್ಯವಾಗಿ ಮೆಸೇಜ್ ಮಾಡ್ತಿದ್ರು, ಲ್ಯಾಬಲ್ಲಿ ಒಂದಿನ ಕೈನೂ ಹಿಡ್ಕೊಂಡ್ರು. ಐಸಿಸಿಗೆ, ಅಂದ್ರೆ ಆಂತರಿಕ ದೂರು ಸಮಿತಿಗೆ, ಬರ್ಕೊಟ್ಟು ಹದಿನೈದು ದಿನ ಆಯ್ತು. ಆ ಲ್ಯಾಬ್ ಕಡೆ ಹೋಗೋಕೆ ಕಾಲೇ ಬರ್ತಿಲ್ಲ, ಅಟೆಂಡೆನ್ಸ್ 75ಕ್ಕಿಂತ ಕೆಳಗೆ ಹೋಗಿದೆ, ಪ್ರಾಜೆಕ್ಟ್ ಮಾರ್ಕ್ಸ್ ಬೇರೆ ಅವರ ಕೈಯಲ್ಲೇ ಇದೆ. ಕೇಳಿದ್ರೆ ‘ಎನ್‌ಕ್ವೈರಿ ಮುಗಿಯೋವರೆಗೂ ಏನೂ ಮಾಡೋಕಾಗಲ್ಲಮ್ಮ’ ಅಂತಾರೆ. ಹೌದಾ?
– ಹೆಸರು ಬೇಡ

ಉತ್ತರ: ಇಲ್ಲ ಕಣಮ್ಮ, ಅದು ತಪ್ಪು. ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗದವರ 2015ರ ನಿಯಮಾವಳಿ ಅಂತ ಒಂದಿದೆ, ಕಾಲೇಜು ಯೂನಿವರ್ಸಿಟಿಗಳಲ್ಲಿ ಲೈಂಗಿಕ ಕಿರುಕುಳ ತಡೆಯೋಕೆ ಅಂತಾನೇ ಮಾಡಿದ್ದು, ಅದರಲ್ಲಿ ಮಧ್ಯಂತರ ಪರಿಹಾರ, ಅಂದ್ರೆ ವಿಚಾರಣೆ ನಡೀತಿರುವಾಗಲೇ ಕೊಡೋ ರಕ್ಷಣೆ, ಅನ್ನೋದೇ ಬೇರೆ ಭಾಗ. ವಿಚಾರಣೆ ಮುಗಿಸೋಕೆ ಸಮಿತಿಗೆ 90 ದಿನ ಕೊಟ್ಟಿದಾರೆ, ಅಷ್ಟರಲ್ಲಿ ನಿನ್ನ ಸೆಮಿಸ್ಟರೇ ಮುಗ್ದು ಹೋಗುತ್ತಲ್ಲ, ಅದಕ್ಕೇ ಈ ಏರ್ಪಾಡು. ಆ ಗೈಡ್ ನಿನ್ನ ಕೆಲಸ, ಟೆಸ್ಟು, ಪರೀಕ್ಷೆ ಯಾವುದಕ್ಕೂ ಮಾರ್ಕ್ಸ್ ಹಾಕದ ಹಾಗೆ ತಡೀಬಹುದು, ಬೇರೆ ಗೈಡ್ ಕೊಡಬಹುದು, ಹಾಜರಾತಿ ಸಡಿಲ ಮಾಡಬಹುದು, ಮೂರು ತಿಂಗಳವರೆಗೆ ರಜೆ ಕೊಡಬಹುದು, ನಿನ್ನ ಹತ್ರ ಸುಳೀಬೇಡಿ ಅಂತ ಅವರಿಗೆ ಎಚ್ಚರಿಕೆ ಕೊಡಬಹುದು, ಬೆದರಿಕೆ ನಿಜವಾಗ್ಲೂ ಇದ್ರೆ ಕ್ಯಾಂಪಸ್ ಒಳಗೇ ಬಿಡದೆ ಇರಬಹುದು. ಇದಕ್ಕೆಲ್ಲ ಅವರು ತಪ್ಪು ಮಾಡಿದ್ರು ಅಂತ ಮೊದಲು ಸಾಬೀತಾಗ್ಬೇಕಿಲ್ಲ.

ಆದ್ರೆ ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಯ್ತು ಅಂತಾನೇ ಇಟ್ಕೊ. ಇವತ್ತೇ ಒಂದು ಹಾಳೆ ತಗೊಂಡು ಅಧ್ಯಕ್ಷೆ ಹೆಸರಿಗೆ ಬರಿ. ‘ನನಗೆ ರಕ್ಷಣೆ ಬೇಕು’ ಅಂತ ಬರೆದ್ರೆ ಅವರಿಗೂ ಏನು ಮಾಡ್ಬೇಕು ಅಂತ ತಿಳಿಯಲ್ಲ, ಬಿಡಿಸಿ ಬರಿ: ‘ಸೋಮವಾರ ಮತ್ತು ಗುರುವಾರ ಮಧ್ಯಾಹ್ನ 2ರಿಂದ 5 ಪ್ರಾಕ್ಟಿಕಲ್ ಇದೆ, ಆ ಹೊತ್ತಲ್ಲಿ ಅವರು ಲ್ಯಾಬಿನಲ್ಲಿ ಇರಬಾರದು, ದೂರು ಕೊಟ್ಟ ದಿನದಿಂದ ತಪ್ಪಿದ ಹಾಜರಾತಿ ವಿನಾಯಿತಿ ಕೊಡಿ, ವೈವಾಗೆ ಬೇರೆ ಪರೀಕ್ಷಕರು ಬೇಕು.’ ಹೀಗೆ. ಜೆರಾಕ್ಸ್ ಮೇಲೆ ಸೀಲು, ತಾರೀಖು ಹಾಕಿಸ್ಕೊ, ಆಫೀಸಲ್ಲಿ ತಗೊಳೋಕೆ ಆಟ ಆಡಿಸಿದ್ರೆ ಇಮೇಲ್ ಮಾಡು. ಇನ್ನೊಂದು ನೋಡ್ಕೊ, ಆ ಸಮಿತಿಯಲ್ಲಿ ನಿಮ್ಮ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಕೂತಿದಾರಾ? ಎಚ್‌ಒಡಿ, ಡೀನ್, ರಿಜಿಸ್ಟ್ರಾರ್, ವಿಸಿ (ಕುಲಪತಿ) ಇವರ್ಯಾರೂ ಮೆಂಬರ್ ಆಗೋ ಹಾಗಿಲ್ಲ, ಸಂಸ್ಥೆ ಹೊರಗಿನವರು ಒಬ್ಬರು ಇರಲೇಬೇಕು, ವಿದ್ಯಾರ್ಥಿಗಳ ವಿಷಯ ಬಂದಾಗ ಚುನಾಯಿತ ವಿದ್ಯಾರ್ಥಿಗಳು ಮೂರು ಜನ ಕೂತ್ಕೋಬೇಕು. ಪೊಲೀಸಿಗೂ ಹೋಗ್ತೀನಿ ಅಂದ್ರೆ ಸಹಾಯ ಮಾಡೋದು ಸಮಿತಿಯ ಕೆಲಸವೇ, ‘ಕಾಲೇಜಿನ ಮರ್ಯಾದೆ’ ಅಂತ ಯಾರಾದ್ರೂ ಶುರು ಮಾಡಿದ್ರೆ ಕಿವಿಗೆ ಹಾಕ್ಕೋಬೇಡ.

ಪ್ರಶ್ನೆ: ನನ್ನ ತಮ್ಮ ಇಂಜಿನಿಯರಿಂಗ್ ಓದ್ತಿದಾನೆ. ಕ್ಲಾಸ್‌ಮೇಟ್ ಹುಡುಗಿ ಐಸಿಸಿಗೆ ಕಂಪ್ಲೇಂಟ್ ಕೊಟ್ಟ ಮೇಲೆ ಇವನ್ನ ಬೇರೆ ಸೆಕ್ಷನ್‌ಗೆ ಹಾಕಿದಾರೆ. ವಿಚಾರಣೆಗೂ ಮುಂಚೆ ಶಿಕ್ಷೆನಾ? ಲಾಯರ್ ಇಡಬಹುದಾ? ಅಪ್ಪ ಆ ಹುಡುಗಿ ಮನೆಗೇ ಹೋಗಿ ಮಾತಾಡ್ಕೊಂಡು ಬರ್ತೀನಿ ಅಂತ ಕೂತಿದಾರೆ.
– ಒಬ್ಬ ಅಕ್ಕ

ಉತ್ತರ: ಮೊದಲು ಅಪ್ಪನ್ನ ತಡೀರಿ. ಅವರು ಒಳ್ಳೆ ಮನಸ್ಸಿಂದಾನೇ ಹೋಗಬಹುದು, ಆದ್ರೆ ಆ ಮನೆ ಬಾಗಿಲಲ್ಲಿ ನಿಂತ್ರೆ ಅದು ಒತ್ತಡ ಅಂತಾನೇ ಲೆಕ್ಕ, ನಿಮ್ಮ ತಮ್ಮನ ತಲೆಗೇ ಬರುತ್ತೆ. ರಾಜಿ ಬೇಕು ಅಂತ ಆ ಹುಡುಗಿ ಕೇಳಿದ್ರೆ ಮಾತ್ರ ಸಮಿತಿ ಮೂಲಕ ಆಗಬಹುದು, ಅಲ್ಲೂ ದುಡ್ಡಿನ ಮಾತು ಬರೋ ಹಾಗಿಲ್ಲ. ಫ್ರೆಂಡ್ಸ್ ಕೈಲಿ ಸಾರಿ ಹೇಳಿಸೋದೂ ಬೇಡ.

ಸೆಕ್ಷನ್ ಬದಲಾಯಿಸಿದ್ದು ಶಿಕ್ಷೆ ಅಲ್ಲ, ಇಬ್ಬರೂ ಎದುರುಬದುರು ಆಗದಿರಲಿ ಅಂತ. ಹಾಗಂತ ಅವನಿಗೆ ಹಕ್ಕಿಲ್ಲ ಅಂತಲ್ಲ. ದೂರು ಬಂದ 7 ದಿನದೊಳಗೆ ಅದರ ಪ್ರತಿ ಅವನಿಗೆ ಕಳಿಸ್ಬೇಕು, ಉತ್ತರ, ದಾಖಲೆ, ಸಾಕ್ಷಿಗಳ ಪಟ್ಟಿ ಕೊಡೋಕೆ 10 ದಿನ ಇರುತ್ತೆ, ಕೊನೇ ವರದಿ ಇಬ್ಬರಿಗೂ ಸಿಗುತ್ತೆ, ಒಪ್ಪದಿದ್ರೆ 30 ದಿನದಲ್ಲಿ ಮೇಲ್ಮನವಿ. ಅವನ ಹೆಸರನ್ನೂ ಗುಟ್ಟಾಗೇ ಇಡಬೇಕು, ಕ್ಲಾಸ್ ಗ್ರೂಪಲ್ಲಿ ಓಡಾಡ್ತಿದ್ರೆ ಅದನ್ನೂ ಸಮಿತಿಗೆ ಬರೆದು ತಿಳಿಸಿ. ಬದಲಾದ ಸೆಕ್ಷನ್‌ನಲ್ಲಿ ಯಾವುದಾದ್ರೂ ಇಂಟರ್ನಲ್ಸ್ ತಪ್ಪಿದ್ರೆ ಮತ್ತೆ ಕೊಡಿ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಲಾಯರ್ ಹತ್ರ ಹೊರಗೆ ಸಲಹೆ ತಗೊಳ್ಳಿ, ಸಮಿತಿ ಮುಂದೆ ಮಾತ್ರ ಇಬ್ಬರ ಕಡೆಯಿಂದಲೂ ಲಾಯರ್ ಬರೋ ಹಾಗಿಲ್ಲ. ‘ಸುಳ್ಳು ಕೇಸ್ ಹಾಕಿದಾಳೆ, ಬಿಡಲ್ಲ’ ಅಂತ ಈಗಲೇ ಕೂಗಾಡ್ಬೇಡಿ, ಸಾಕ್ಷಿ ಸಾಲಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳು ಅಂತ ಆಗಲ್ಲ, ಬೇಕಂತಲೇ ಕೊಟ್ಟಿದ್ದು ಅಂತ ಬೇರೆಯಾಗಿ ಗೊತ್ತಾಗ್ಬೇಕು.

ಅವನು ಊಟ ಬಿಟ್ಟು ಬಾಗಿಲು ಹಾಕ್ಕೊಂಡು ಕೂತಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ಭಯಕ್ಕೆ ಚಾಟ್ ಡಿಲೀಟ್ ಮಾಡೋದು, ಫೋನ್ ಫಾರ್ಮ್ಯಾಟ್ ಹೊಡೆಯೋದು ಬೇಡ ಅಂತ ಇವತ್ತು ರಾತ್ರಿಯೇ ಅವನಿಗೆ ಹೇಳ್ಬಿಡಿ.