ಹಳೆಯ ಸೋಲ್ ರೀವರ್ ಗೇಮ್ ವಿಂಡೋಸ್ 11ರಲ್ಲಿ ಓಡಿಸುವುದು ಹೇಗೆ?

1999ರ ಲೆಗಸಿ ಆಫ್ ಕೇನ್: ಸೋಲ್ ರೀವರ್ ಹೊಸ ಪಿಸಿಯಲ್ಲಿ ಕಪ್ಪು ಪರದೆ ತೋರಿಸಿ ಸುಮ್ನೆ ಮುಚ್ಚಿಕೊಳ್ಳುತ್ತಿದೆಯಾ? ನಿಮ್ಮ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿಲ್ಲ. ಗೇಮ್ ಕೇಳುವುದು ಆ ಕಾಲದ ಡೈರೆಕ್ಟ್‌ಡ್ರಾ, ಡೈರೆಕ್ಟ್3ಡಿ, ಅಂದರೆ ಪರದೆಯ ಮೇಲೆ ಚಿತ್ರ ಬಿಡಿಸಲು ಗೇಮ್‌ಗಳು ಬಳಸುವ ವಿಂಡೋಸ್‌ನ ವ್ಯವಸ್ಥೆಗಳು. ಇವತ್ತಿನ ಡ್ರೈವರ್‌ಗಳು ಅವನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಡಿಜಿವೂಡೂ 2 ಎಂಬ ಉಚಿತ ಪ್ರೋಗ್ರಾಂ ಆ ಕೆಲಸ ಮಾಡುತ್ತದೆ, ಹಳೆಯ ಕರೆಗಳನ್ನು ಡೈರೆಕ್ಟ್3ಡಿ 11 ಅಥವಾ 12ಕ್ಕೆ ಬದಲಿಸುತ್ತದೆ.

ಗೇಮನ್ನು ಪ್ರೋಗ್ರಾಂ ಫೈಲ್ಸ್ ಬಿಟ್ಟು ಬೇರೆ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿ. ಅನುಮತಿಯ ತಕರಾರು ತಪ್ಪುತ್ತದೆ. ಡಿಜಿವೂಡೂ ಜಿಪ್‌ನಲ್ಲಿ ಎಂಎಸ್ ಫೋಲ್ಡರ್ ತೆರೆದು, ಅದರೊಳಗಿನ ಎಕ್ಸ್86 ಫೋಲ್ಡರಿನಿಂದ ಡಿಎಲ್‌ಎಲ್ (.dll) ಫೈಲುಗಳನ್ನು ಗೇಮ್ ಶುರು ಮಾಡುವ ಇಎಕ್ಸ್‌ಇ (.exe) ಫೈಲಿನ ಪಕ್ಕದಲ್ಲೇ ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ: ವಿಂಡೋಸ್ 64 ಬಿಟ್ ಅಲ್ವಾ ಅಂತ ಎಕ್ಸ್64 ಆರಿಸುತ್ತಾರೆ. ಗೇಮ್ 32 ಬಿಟ್, ಹಾಗಾಗಿ ಎಕ್ಸ್86 ಮಾತ್ರ ಕೆಲಸಕ್ಕೆ ಬರುತ್ತದೆ.

ಡಿಜಿವೂಡೂವಿನ ಕಂಟ್ರೋಲ್ ಪ್ಯಾನೆಲ್ ಫೈಲನ್ನೂ ಅಲ್ಲೇ ಇಟ್ಟು ತೆರೆಯಿರಿ. ಸ್ಕೇಲಿಂಗ್‌ನಲ್ಲಿ ಆಕಾರದ ಅನುಪಾತ ಉಳಿಸುವ ಆಯ್ಕೆ ಕೊಡಿ. ಚಿತ್ರ 4:3ರದು, ಅಗಲ ಪರದೆಗೆ ಎಳೆದರೆ ಗೇಮ್‌ನ ನಾಯಕ, ಬಡಕಲು ರಾಜಿಯೆಲ್ ಕೂಡ ದಪ್ಪಗಾಗುತ್ತಾನೆ! 144 ಹರ್ಟ್ಸ್ ಮಾನಿಟರ್ ಇದ್ದರೆ ಎಫ್‌ಪಿಎಸ್ (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) ಮಿತಿಯನ್ನು 60ಕ್ಕೆ ಇಳಿಸಿ. ಮೂಲೆಯಲ್ಲಿ ಬರುವ ಡಿಜಿವೂಡೂ ಗುರುತನ್ನು (ವಾಟರ್‌ಮಾರ್ಕ್) ಡೈರೆಕ್ಟ್‌ಎಕ್ಸ್ ಟ್ಯಾಬಿನಲ್ಲಿ ತೆಗೆಯಬಹುದು.

ಇಷ್ಟೆಲ್ಲ ತಲೆನೋವು ಬೇಡವೆಂದರೆ 2024ರ ಡಿಸೆಂಬರಿನಲ್ಲಿ ಬಂದ ರೀಮಾಸ್ಟರ್, ಅಂದರೆ ಇದೇ ಗೇಮ್‌ನ ಸುಧಾರಿತ ಆವೃತ್ತಿ, ಕೊಳ್ಳಿ. ಅದರಲ್ಲಿ ಹಳೆಯ ಗ್ರಾಫಿಕ್ಸಿಗೂ ಬದಲಿಸಿಕೊಳ್ಳಬಹುದು.